ತಕ್ಕೋಲದ ಯುದ್ಧ ಮತ್ತು ವಿಶ್ವಕೋಶದ ಲೇಖನಗಳ ವಿಲೀನ: ಒಂದು ವಿಮರ್ಶೆ

ಸಿದ್ಧವಾಗುತ್ತಿರುವ ಒಂದು ವಿಶ್ವಕೋಶದ ಕರಡು ಲೇಖನಗಳಲ್ಲಿ ಕೆಲವನ್ನು ಅಭಿಪ್ರಾಯಕ್ಕಾಗಿ ನನಗೆ ಕಳುಹಿಸಲಾಗಿತ್ತು. ಅವುಗಳಲ್ಲಿ ನಾಲ್ಕು ಲೇಖನಗಳು ಒಂದೇ ಸಂಗತಿಯ ಸುತ್ತ ಹೆಣೆದುಕೊಂಡಿದ್ದುವು. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ಯುವರಾಜ ರಾಜಾದಿತ್ಯನಿಗೂ ಈಗಿನ ತಮಿಳುನಾಡಿನ ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ ನಡೆದ ಯುದ್ಧವೇ ಆ ಸಂಗತಿ. ‘ತಕ್ಕೋಲದ ಯುದ್ಧ’, ‘ರಾಜಾದಿತ್ಯನ ವಧೆ’, ‘ಮುಮ್ಮಡಿ ಕೃಷ್ಣನ ದಕ್ಷಿಣ ದಿಗ್ವಿಜಯ’, ‘ಆತಕೂರು ಶಾಸನ’ ಎಂಬುವು ಲೇಖನಗಳ ಶೀರ್ಷಿಕೆಗಳು. ಬರೆದವರು ಬೇರೆ ಬೇರೆ. ಒಬ್ಬರ ಬರಹವನ್ನು ಇನ್ನೊಬ್ಬರು ನೋಡಿದಂತೆ ಕಾಣುವುದಿಲ್ಲ. ಹೇಳಿದ್ದನ್ನೇ ನಾಲ್ಕು ಕಡೆ ಹೇಳಿ ಪುಟಗಳನ್ನು ವ್ಯಯಮಾಡುವುದಕ್ಕಿಂತ ‘ರಾಷ್ಟ್ರಕೂಟ–ಚೋಳ ಸಂಘರ್ಷ’ ಎಂಬ ಒಂದೇ ಶೀರ್ಷಿಕೆಯಲ್ಲಿ ಎಲ್ಲವನ್ನೂ ವಿಲೀನಗೊಳಿಸಬಹುದೇ ಎಂಬುದು ಸಂಪಾದಕರ ಪ್ರಶ್ನೆ.

ಮೊದಲ ಓದಿಗೆ ನಾನೂ ಇದನ್ನು ಒಪ್ಪಿದೆ; ಒಪ್ಪಿ ಪತ್ರವನ್ನೂ ಬರೆದೆ. ಅನಂತರ ನಾಲ್ಕು ಕರಡುಗಳ ಆಧಾರಗಳನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೂ ಮೂಲದೊಡನೆ ಹೋಲಿಸತೊಡಗಿದಾಗ ಆ ಒಪ್ಪಿಗೆ ಅವಸರದ್ದೆಂಬುದು ತಿಳಿಯಿತು. ಈ ನಾಲ್ಕರಲ್ಲಿ ಎರಡನ್ನು ಕೂಡಿಸದೆ ಬಿಟ್ಟರೆ ತಪ್ಪು. ಉಳಿದೆರಡನ್ನು ಅವುಗಳೊಡನೆ ಕೂಡಿಸಿದರೆ ತಪ್ಪು. ಹಸ್ತಪ್ರತಿಗಳ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಇದರ ಚರ್ಚೆ ಏಕೆಂದು ವಾಚಕರು ಕೇಳಬಹುದು. ಒಂದು ಕಾರಣವೆಂದರೆ, ಈ ಯುದ್ಧದ ಚರಿತ್ರೆಗೆ ಸಾಕ್ಷಿಗಳಾಗಿ ಬಂದಿರುವವುಗಳಲ್ಲಿ ಎರಡು ನಮ್ಮ ಜೈನಗ್ರಂಥಗಳು, ಹಾಗೂ ಸಾಹಸಿಯೆಂದೋ ವಂಚಕನೆಂದೋ ತೀರ್ಪಿಗೆ ಗುರಿಯಾಗಿರುವ ಗಂಗ ಬೂತುಗನು ಜಿನಧರ್ಮದ ಆಶ್ರಯದಾತನೆಂದು ಪ್ರಸಿದ್ಧನಾದವನು. ಅದಕ್ಕಿಂತ ಮುಖ್ಯವಾದ ಕಾರಣ, ಲೇಖನಗಳನ್ನು ಕೂಡಿಸುವ ಪ್ರಶ್ನೆಯು ತತ್ತ್ವತಃ ಪ್ರತಿಗಳನ್ನು ಕೂಡಿಸುವ ಪ್ರಶ್ನೆಯೇ ಆಗಿರುವುದು. ಒಂದೇ ಮಾತೃಕೆಯಿಂದ ಇಳಿದ ಎರಡು ಓಲೆಪ್ರತಿಗಳನ್ನು ನಾವು ಎರಡು ಸಾಕ್ಷಿಗಳೆಂದು ಎಣಿಸುವುದಿಲ್ಲ. ಭಿನ್ನ ಪರಂಪರೆಯ ಎರಡು ಪ್ರತಿಗಳ ಪಾಠವನ್ನು ಬೆರೆಸಿ, ಯಾವ ಪ್ರತಿಯಲ್ಲಿಯೂ ಇಲ್ಲದ ಮೂರನೆಯ ಪಾಠವೊಂದನ್ನು ಸೃಷ್ಟಿಸುವ ಸಂಪಾದಕನನ್ನೂ ನಾವು ಮೆಚ್ಚುವುದಿಲ್ಲ.

ಮೊದಲು ‘ತಕ್ಕೋಲದ ಯುದ್ಧ’ ಹಾಗೂ ‘ರಾಜಾದಿತ್ಯನ ವಧೆ’ ಎಂಬೆರಡನ್ನು ತೆಗೆದುಕೊಳ್ಳೋಣ. ಮೊದಲನೆಯದರ ಲೇಖಕರು ಚೋಳರ ದಾಖಲೆಗಳನ್ನು ಅನುಸರಿಸಿದ್ದಾರೆ. ಲೈಡನ್ನಿನ ದೊಡ್ಡ ತಾಮ್ರಶಾಸನವೆಂದು ಹೆಸರಾದ, ರಾಜರಾಜನ ಕಾಲದ ದಾನದ ದಾಖಲೆಯ ಸಂಸ್ಕೃತ ಭಾಗದಲ್ಲಿ ರಾಜಾದಿತ್ಯನು ಕೃಷ್ಣರಾಜನ ಸೇನೆಯನ್ನು ಕಲಕಿ, ದೊಡ್ಡ ಆನೆಯ ಬೆನ್ನಿನ ಮೇಲಿರುವಾಗಲೇ ಹರಿತವಾದ ಬಾಣಗಳು ಎದೆಗೆ ನೆಟ್ಟು ವೀರಸ್ವರ್ಗವನ್ನೇರಿದನೆಂದು ಹೇಳಿದೆ. ತಮಿಳು ಶಾಸನಗಳು ಅವನನ್ನು ‘ಆನೆಯ ಮೇಲೆ ಮಡಿದ ದೇವರು’ ಎಂಬರ್ಥದ ಹೆಸರಿನಿಂದ ಸ್ಮರಿಸುತ್ತವೆ. ಎರಡನೆಯ ಲೇಖನದವರು ಚೋಳರ ದಾಖಲೆಗಳನ್ನು ಮುಟ್ಟಿಯೇ ಇಲ್ಲ. ಅವರಿಗೆ ಆತಕೂರಿನ ಶಾಸನವೊಂದೇ ಆಧಾರ. ಅದೂ ಅದರ ಹಳೆಯ ಓದು. ಆ ಓದಿನ ಪ್ರಕಾರ ಬೂತುಗನು ಕಪಟದಿಂದ ರಾಜಾದಿತ್ಯನನ್ನು ಸುರಗಿಯಿಂದ ಇರಿದನು. ಹೀಗಾಗಿ ಒಂದು ಲೇಖನವನ್ನು ಓದಿದವನಿಗೆ ರಾಜಾದಿತ್ಯನು ಬಾಣದಿಂದ ಸತ್ತ ವೀರ. ಇನ್ನೊಂದನ್ನು ಓದಿದವನಿಗೆ ವಂಚನೆಗೆ ಬಲಿಯಾದ ಅತಿಥಿಯೋ ಎಂಬಂತೆ ಕಾಣುತ್ತಾನೆ. ಎರಡು ಲೇಖನಗಳ ನಡುವೆ ನೂರಾರು ಪುಟಗಳಿರುತ್ತವೆ. ಎರಡನ್ನೂ ಓದುವವನು ಅಪರೂಪ.

ಆ ಹಳೆಯ ಓದಿನ ವಿಷಯ ಪತ್ರಿಕೆಯ ವಾಚಕರಲ್ಲಿ ಅನೇಕರಿಗೆ ಗೊತ್ತಿರಬಹುದಾದರೂ ಇಲ್ಲಿ ಸ್ವಲ್ಪ ವಿಸ್ತರಿಸುವುದು ಅವಶ್ಯ. ತೊಡಕಿರುವುದು ಒಂದು ಅಕ್ಷರದಲ್ಲಿ. ಒತ್ತು ಇದೆಯೆಂದು ತಿಳಿದರೆ ‘ಕಳ್ಳ’ ಎಂಬ ಶಬ್ದ. ಇಲ್ಲವೆಂದು ತಿಳಿದರೆ ‘ಕಳ’ ಎಂಬ ಶಬ್ದ, ಅಂದರೆ ರಣಭೂಮಿ. ಅದರ ಹಿಂದಿನ ಪದವನ್ನು ‘ಬಿಸುಗೆ’ ಎಂದು ಗ್ರಹಿಸಿದರೆ ಅದಕ್ಕೆ ಆನೆಯ ಮೇಲಣ ಪೀಠ, ಅಂಬಾರಿ ಎಂಬ ಅರ್ಥ ಹಳಗನ್ನಡದಲ್ಲಿ ಸಿದ್ಧವಾಗಿದೆ. ಆಗ ವಾಕ್ಯಕ್ಕೆ ಬರುವ ಅರ್ಥ: ಅಂಬಾರಿಯನ್ನೇ ಯುದ್ಧರಂಗವಾಗಿಸಿಕೊಂಡು ಬೂತುಗನು ಸುರಗಿಯಿಂದ ಇರಿದನು. ಮೊದಲ ಓದಿನಲ್ಲಿ ಹೇಯವಾದ ಕೊಲೆಯಾಗಿದ್ದುದು ಎರಡನೆಯದರಲ್ಲಿ ಆನೆಯಿಂದ ಆನೆಗೆ ಹಾರಿಯೋ ಏರಿಯೋ ಮಾಡಿದ ಅತಿಸಾಹಸವಾಗುತ್ತದೆ. ಒಂದು ಒತ್ತಿನ ಮೇಲೆ ಒಬ್ಬ ಅರಸನ ಶೀಲವು ನಿಂತಿರುವುದನ್ನು ನೋಡಿದರೆ, ಓಲೆಯ ಮೇಲಿನ ಒಂದು ಗೀಟನ್ನು ನಿರ್ಣಯಿಸಲು ದಿನಗಟ್ಟಲೆ ಕಣ್ಣು ಸವೆಸುವ ನಮ್ಮ ಪಂಡಿತರ ಶ್ರಮವನ್ನು ಅಣಕಿಸುವವರಿಗೆ ಉತ್ತರ ಸಿಕ್ಕಂತಾಯಿತು.

ಈ ಎರಡು ಓದುಗಳಲ್ಲಿ ಯಾವುದು ಗ್ರಾಹ್ಯ? ಬೂತುಗನು ನಮ್ಮವನೆಂಬ ಅಭಿಮಾನದಿಂದ ಎರಡನೆಯದನ್ನು ಆರಿಸಿಕೊಂಡರೆ ಅದು ವಿಮರ್ಶೆಯಾಗಲಾರದು, ವಕೀಲಿಯಾಗುತ್ತದೆ. ಅಂಥ ವಕೀಲಿ ನಮ್ಮ ವಲಯದಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಲಾರೆ. ಆದರೆ ಎರಡನೆಯ ಓದಿಗೆ ಅಭಿಮಾನದ ನೆರವು ಬೇಕಾಗಿಲ್ಲ. ರಾಜಾದಿತ್ಯನ ಸಾವು ಆನೆಯ ಬೆನ್ನಿನ ಮೇಲಾಯಿತೆಂದು ಹೇಳುವವರು ಅವನ ವಂಶದವರೇ. ಚೋಳರ ಪ್ರಶಸ್ತಿಕಾರನಿಗೆ ಆತಕೂರಿನ ಕಲ್ಲು ಗೊತ್ತಿರಲಿಲ್ಲ; ಆತಕೂರಿನ ಶಾಸನಕವಿಗೆ ಲೈಡನ್ ಶಾಸನ ಗೊತ್ತಿರುವುದು ಕಾಲದೃಷ್ಟಿಯಿಂದಲೇ ಅಸಾಧ್ಯ. ಶತ್ರುಪಕ್ಷಗಳಿಗೆ ಸೇರಿದ, ಪರಸ್ಪರ ಋಣವಿಲ್ಲದ ಎರಡು ಸಾಕ್ಷಿಗಳು ಸ್ಥಳದ ವಿಷಯದಲ್ಲಿ ಹೀಗೆ ಒಪ್ಪಿದಾಗ ಆ ಒಪ್ಪಿಗೆಗೆ ಹೆಚ್ಚಿನ ಬೆಲೆಯುಂಟು. ಅಂಬಾರಿಯ ಓದು ಈ ಒಪ್ಪಿಗೆಗೆ ಸರಿಹೊಂದುತ್ತದೆ. ಕಪಟದ ಓದು ಹೊಂದುವುದಿಲ್ಲ. ತನ್ನ ರಾಜಕುಮಾರನು ವಂಚನೆಗೆ ತುತ್ತಾಗಿದ್ದರೆ ಅದನ್ನು ಹೇಳಿ ಶತ್ರುವನ್ನು ನಿಂದಿಸಲು ಚೋಳ ಕವಿಗೆ ಅಡ್ಡಿಯೇನಿತ್ತು ಎಂಬುದೂ ವಿಚಾರಾರ್ಹ. ಆಯುಧದ ವಿಷಯದಲ್ಲಿ ಮಾತ್ರ ಭೇದ ಉಳಿಯುತ್ತದೆ: ಒಂದೆಡೆ ಬಾಣ, ಇನ್ನೊಂದೆಡೆ ಸುರಗಿ. ಅದನ್ನು ಪರಿಹರಿಸಲು ನಮ್ಮಲ್ಲಿ ಸಾಧನವಿಲ್ಲ. ಮೊದಲು ಬಾಣ ತಗುಲಿ ಆಮೇಲೆ ಸುರಗಿಯ ಇರಿತವಾಯಿತೆಂದು ಸಮನ್ವಯ ಮಾಡುವುದು ಸುಲಭ. ಕರಡಿನಲ್ಲಿ ಒಬ್ಬರು ಹಾಗೆ ಮಾಡಿಯೂ ಇದ್ದಾರೆ. ಯಾವ ಶಾಸನವೂ ಹೇಳದ ಆ ಕ್ರಮವನ್ನು ವಿಶ್ವಕೋಶವು ಹೇಳಕೂಡದು.

ಈ ತರ್ಕವು ಸಾಧ್ಯವಾಗುವುದು ಎರಡೂ ಕಡೆಯ ಸಾಕ್ಷಿಗಳು ಒಂದೇ ಪುಟದಲ್ಲಿದ್ದಾಗ. ಆದ್ದರಿಂದ ‘ರಾಜಾದಿತ್ಯನ ವಧೆ’ಯು ಸ್ವತಂತ್ರ ಲೇಖನವಾಗಿ ಉಳಿಯಬಾರದು. ಅದರ ಸಾಮಗ್ರಿಯೆಲ್ಲ ‘ತಕ್ಕೋಲದ ಯುದ್ಧ’ದೊಳಕ್ಕೆ ಬರಬೇಕು. ಪುಟ ಉಳಿಯುವುದೆಂಬುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕೂಡಿಸಿ ಬರೆದ ಲೇಖನವು ಪ್ರಾಯಶಃ ಈಗಿನ ಎರಡರ ಮೊತ್ತಕ್ಕಿಂತ ದೊಡ್ಡದಾದೀತು. ಶೀರ್ಷಿಕೆಯಲ್ಲಿಯೇ ದೋಷವಿರುವುದೂ ಇನ್ನೊಂದು ಕಾರಣ. ರಣದಲ್ಲಿ ಎದುರಾಳಿಯ ಕೈಯಲ್ಲಿ ಮಡಿದವನ ಸಾವಿಗೆ ‘ವಧೆ’ಯೆಂದು ತಲೆಬರಹ ಕೊಟ್ಟರೆ, ವಿವಾದದಲ್ಲಿರುವ ಓದಿಗೆ ಲೇಖನದ ಮೊದಲ ಪದದಲ್ಲಿಯೇ ಜಯಪತ್ರ ಕೊಟ್ಟಂತೆ.

ಇದೇ ವಿಲೀನ ಲೇಖನದಲ್ಲಿ ರಾಜಾದಿತ್ಯನನ್ನು ಕೊಂದವನು ಯಾರೆಂಬ ಪ್ರಶ್ನೆಗೂ ಎಡೆ ದೊರೆಯಬೇಕು. ಆತಕೂರು ಶಾಸನದಲ್ಲಿಯೇ ಎರಡು ಸ್ವರಗಳಿವೆ. ಕನ್ನರದೇವನು ತಕ್ಕೋಲದಲ್ಲಿ ಮೂವಡಿಚೋಳ ರಾಜಾದಿತ್ಯನ ಮೇಲೆ ಬಂದು ಕಾದಿ ಕೊಂದನೆಂಬುದು ಒಂದು; ಇರಿದು ಕೊಂದವನು ಬೂತುಗನೆಂಬುದು ಇನ್ನೊಂದು. ಇದನ್ನು ವಿರೋಧವೆಂದು ತಿಳಿಯಬೇಕಾಗಿಲ್ಲ. ಸಾಮಂತನ ಕೃತ್ಯವನ್ನು ಸಾರ್ವಭೌಮನಿಗೆ ಆರೋಪಿಸುವುದು ಆ ಕಾಲದ ರೂಢಿ. ಈ ಇಬ್ಬರ ವಿಷಯದಲ್ಲಿಯೇ ಇನ್ನೊಂದು ನಿದರ್ಶನವುಂಟು. ಬೂತುಗನು ರಾಚಮಲ್ಲನನ್ನು ಕೊಂದು ಗಂಗವಾಡಿ 96000ವನ್ನು ಆಳಿದನೆಂದು ಆತಕೂರು ಶಾಸನ ಹೇಳಿದರೆ, 940ರ ದೇವಳಿ ತಾಮ್ರಶಾಸನವು ರಾಚಮಲ್ಲನೆಂಬ ವಿಷವೃಕ್ಷವನ್ನು ಕಿತ್ತು ಬೂತುಗನನ್ನು ನೆಟ್ಟವನು ಕೃಷ್ಣನೇ ಎನ್ನುತ್ತದೆ. ಒಡೆಯನ ದಾಖಲೆ ಒಡೆಯನನ್ನು ಹೊಗಳುತ್ತದೆ, ಸಾಮಂತನದು ಸಾಮಂತನನ್ನು. ಕರಡುಗಳ ಲೇಖಕರಲ್ಲಿ ಒಬ್ಬರೂ ಇವೆರಡನ್ನು ಒಟ್ಟಿಗೆ ನೋಡಿಲ್ಲ.

ತಕ್ಕೋಲದಲ್ಲಿ ಸೋತವರ ಪಕ್ಷದ ಇನ್ನೊಂದು ಸಾಕ್ಷಿಯನ್ನೂ ಇಲ್ಲಿ ಸೇರಿಸಲು ಸೂಚಿಸಿದ್ದೇನೆ. ಚೆನ್ನೈಯ ಉತ್ತರಕ್ಕಿರುವ ತಿರುವೊತ್ತಿಯೂರಿನಲ್ಲಿ ಕೃಷ್ಣನ ಇಪ್ಪತ್ತನೆಯ ಆಳ್ವಿಕೆಯ ವರ್ಷದ ಶಾಸನವೊಂದಿದೆ. ರಾಜಾದಿತ್ಯನ ಒಡನಾಡಿಯಾಗಿದ್ದ ಕೇರಳದ ಪ್ರಮುಖನೊಬ್ಬನು ಒಡೆಯನ ಜೊತೆಯಲ್ಲಿ ತಾನೂ ಸಾಯಲಿಲ್ಲವೆಂಬ ಖೇದದಿಂದ ವಿರಕ್ತನಾಗಿ, ಚತುರಾನನ ಪಂಡಿತನೆಂಬ ಹೆಸರಿನಿಂದ ಅಲ್ಲಿಯ ಮಠವನ್ನು ಸೇರಿದ ಸಂಗತಿ ಅದರಲ್ಲಿದೆ. ಚೋಳ ರಾಜಕುಮಾರನ ಗೆಳೆಯನ ದಾನವು ಅವನನ್ನು ಸೋಲಿಸಿದ ಅರಸನ ಆಳ್ವಿಕೆಯ ವರ್ಷದಿಂದ ಕಾಲನಿರ್ದೇಶ ಪಡೆದಿದೆಯೆಂಬುದೇ, ಯುದ್ಧದ ಪರಿಣಾಮ ಎಷ್ಟು ಆಳವಾಗಿತ್ತೆಂಬುದನ್ನು ಯಾವ ದಿಗ್ವಿಜಯವರ್ಣನೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಇನ್ನು ‘ಮುಮ್ಮಡಿ ಕೃಷ್ಣನ ದಕ್ಷಿಣ ದಿಗ್ವಿಜಯ’. ಇದನ್ನು ತಕ್ಕೋಲದೊಡನೆ ಬೆರೆಸಬೇಕೆಂಬ ಸಲಹೆಗೆ ನನ್ನ ಮುಖ್ಯ ವಿರೋಧವಿರುವುದು ಇಲ್ಲಿಯೇ, ಮತ್ತು ನಮ್ಮ ಗ್ರಂಥಗಳ ಹಿತ ಅಡಗಿರುವುದೂ ಇಲ್ಲಿಯೇ.

ಸೋಮದೇವಸೂರಿಯ ಯಶಸ್ತಿಲಕ ಚಂಪುವಿನ ಅಂತ್ಯದ ಪ್ರಶಸ್ತಿಯು ಕಾಲನಿರ್ಣಯದ ದೃಷ್ಟಿಯಿಂದ ನಮ್ಮ ಸಾಹಿತ್ಯದ ಅತ್ಯಂತ ಸ್ಪಷ್ಟವಾದ ಪ್ರಶಸ್ತಿಗಳಲ್ಲೊಂದು. ಶಕ 881, ಸಿದ್ಧಾರ್ಥಿ ಸಂವತ್ಸರ, ಚೈತ್ರಮಾಸದ ಮದನತ್ರಯೋದಶಿ. ಪಾಂಡ್ಯ, ಸಿಂಹಲ, ಚೋಳ, ಚೇರ ಮೊದಲಾದವರನ್ನು ಅಡಗಿಸಿ ಕೃಷ್ಣರಾಜನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿರಲು, ಅವನ ಸಾಮಂತನಾದ ಚಾಲುಕ್ಯ ಅರಿಕೇಸರಿಯ ಹಿರಿಯ ಮಗನ ರಾಜಧಾನಿಯಾದ ಗಂಗಧಾರೆಯಲ್ಲಿ ಕಾವ್ಯವು ಮುಗಿಯಿತು. ಮುದ್ರಿತ ಪಾಠದಲ್ಲಿ ‘ವಾಗರಾಜ’ನೆಂದು ಕಾಣುವ ಆ ಮಗನೇ, ಸೋಮದೇವನಿಗೆ ದೊರೆತ ದಾನವನ್ನು ದಾಖಲಿಸುವ 966ರ ಪರಭಣಿ ತಾಮ್ರಶಾಸನದಲ್ಲಿ ಬರುವ ಬದ್ದೆಗನೆಂದು ವಿದ್ವಾಂಸರು ಗುರುತಿಸಿದ್ದಾರೆ. ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1949ರಲ್ಲಿ ಪ್ರಕಟವಾದ ಹಂದಿಕಿಯವರ ಗ್ರಂಥವನ್ನು ಬಲ್ಲವರಿಗೆ ಇದಾವುದೂ ಹೊಸದಲ್ಲ.

ಈ ಪ್ರಶಸ್ತಿಯ ನಿಜವಾದ ಬೆಲೆ ತಿಳಿಯಬೇಕಾದರೆ ಕರ್ಹಾಡದ ತಾಮ್ರಶಾಸನವನ್ನು ಅದರ ಪಕ್ಕದಲ್ಲಿಡಬೇಕು. ಅದರ ಕಾಲ ಶಕ 880, ಕಾಳಯುಕ್ತ ಸಂವತ್ಸರ, ಫಾಲ್ಗುಣ ಬಹುಳ ತ್ರಯೋದಶಿ, ಅಂದರೆ ಕ್ರಿ.ಶ. 959ನೆಯ ಮಾರ್ಚ್ 9. ಅಲ್ಲಿಯೂ ಅರಸನು ಮೇಲ್ಪಾಡಿಯ ಬೀಡಿನಲ್ಲಿಯೇ ಇದ್ದಾನೆ. ಗೆದ್ದ ದಕ್ಷಿಣದ ನೆಲವನ್ನು ತನ್ನವರಿಗೆ ಹಂಚುತ್ತಿದ್ದಾನೆ. ಶಾಸನದಲ್ಲಿ ದಾನ ಪಡೆದವನು ಗಗನಶಿವನೆಂಬ ಶೈವ ಯತಿ. ಫಾಲ್ಗುಣ ಬಹುಳ ತ್ರಯೋದಶಿಗೂ ಮುಂದಿನ ಚೈತ್ರ ಶುದ್ಧ ತ್ರಯೋದಶಿಗೂ ಇರುವ ಅಂತರ ಸುಮಾರು ಹದಿನೈದು ದಿನ. ರಾಜನ ಕಾರ್ಯಾಲಯದಲ್ಲಿ ಸಿದ್ಧವಾದ ಶೈವದಾನದ ತಾಮ್ರಪಟವೂ ದಿಗಂಬರ ಮುನಿಯ ಕಾವ್ಯದ ಪ್ರಶಸ್ತಿಯೂ ಹದಿನೈದು ದಿನಗಳೊಳಗೆ, ಪರಸ್ಪರ ಸಂಬಂಧವಿಲ್ಲದೆ, ಅರಸನ ಬೀಡು ಎಲ್ಲಿತ್ತೆಂಬುದನ್ನು ಒಂದೇ ಬಗೆಯಾಗಿ ಹೇಳುತ್ತಿವೆ. ಕವಿಗಳ ಪ್ರಶಸ್ತಿಯೆಲ್ಲ ಅತಿಶಯೋಕ್ತಿಯೆಂದು ತಳ್ಳಿಹಾಕುವ ಇತಿಹಾಸಕಾರರು ಇನ್ನೂ ಇದ್ದಾರೆ. ಅವರ ಮುಂದೆ ಇಡಲು ಇದಕ್ಕಿಂತ ಬಲವಾದ ಉದಾಹರಣೆ ನನಗೆ ತಿಳಿದಂತೆ ಹೆಚ್ಚಿಲ್ಲ.

ಪುಷ್ಪದಂತನ ಅಪಭ್ರಂಶ ಮಹಾಪುರಾಣವು ಆರಂಭವಾದುದೂ ಇದೇ ಸಿದ್ಧಾರ್ಥಿ ಸಂವತ್ಸರದಲ್ಲಿ. ಮಾನ್ಯಖೇಟದಲ್ಲಿ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಬರೆಯತೊಡಗಿದ ಕವಿಯು ಅರಸನನ್ನು ತುಡಿಗನೆಂಬ ಹೆಸರಿನಿಂದ ಕರೆದು, ಅವನು ಚೋಳನ ತಲೆಯನ್ನು ಕತ್ತರಿಸಿದನೆನ್ನುತ್ತಾನೆ. ಯಾವ ಚೋಳ, ಯಾವ ರಣ ಎಂಬುದನ್ನು ಕವಿ ಹೇಳಿಲ್ಲ.

ಈಗ ಸಂಪಾದಕರ ಸಲಹೆಯಂತೆ ನಾಲ್ಕೂ ಲೇಖನಗಳು ಒಂದಾದುವೆಂದು ಭಾವಿಸೋಣ. ಆ ಲೇಖನದ ಕೇಂದ್ರ ತಕ್ಕೋಲವೇ ಆಗುವುದು ಅನಿವಾರ್ಯ, ಏಕೆಂದರೆ ಘಟನೆಯೆಂದು ಬೆರಳಿಟ್ಟು ತೋರಿಸಬಹುದಾದದ್ದು ಅದೇ. ಯಶಸ್ತಿಲಕ, ಮಹಾಪುರಾಣ, ಕರ್ಹಾಡ ಶಾಸನ ಇವೆಲ್ಲ ಆ ಕೇಂದ್ರದ ಸುತ್ತ ಆಧಾರಗಳಾಗಿ ಬಂದು ನಿಲ್ಲುತ್ತವೆ. ಮುಂದೆ ಆ ಲೇಖನವನ್ನು ಸಂಗ್ರಹಿಸಿ ಬರೆಯುವವನು ‘ತಕ್ಕೋಲದ ಯುದ್ಧವನ್ನು ಸೋಮದೇವ, ಪುಷ್ಪದಂತರು ವರ್ಣಿಸಿದ್ದಾರೆ’ ಎಂದು ಬರೆಯುತ್ತಾನೆ. ಸೋಮದೇವನು ತಕ್ಕೋಲದ ಹೆಸರನ್ನೇ ಎತ್ತಿಲ್ಲ. ಅವನು ಹೇಳುತ್ತಿರುವುದು ಆ ಯುದ್ಧದ ಹತ್ತು ವರ್ಷಗಳ ತರುವಾಯದ ಸ್ಥಿತಿಯನ್ನು. ಇದು ಕೇವಲ ನನ್ನ ಊಹೆಯ ಭಯವಲ್ಲ. ಬಂದಿರುವ ಕರಡುಗಳಲ್ಲೇ ‘ತಕ್ಕೋಲದ ಯುದ್ಧ’ದ ಲೇಖಕರು ಯಶಸ್ತಿಲಕವನ್ನು ಆಧಾರಗಳ ಸಾಲಿನಲ್ಲಿ ಸೇರಿಸಿಬಿಟ್ಟಿದ್ದಾರೆ. ಪುಷ್ಪದಂತನ ‘ತಲೆ ಕತ್ತರಿಸಿದ’ ಮಾತನ್ನು ತೆಗೆದುಕೊಂಡು ಬಾಣ, ಸುರಗಿಗಳ ಜೊತೆಗೆ ಶಿರಚ್ಛೇದವನ್ನೂ ರಾಜಾದಿತ್ಯನಿಗೆ ವಿಧಿಸಿದ್ದಾರೆ. ಪುಷ್ಪದಂತನ ಮಾತು ತಕ್ಕೋಲಕ್ಕೆ ಅನ್ವಯಿಸುವುದು ಸಂಭವನೀಯ. ಸಂಭವನೀಯವಾದದ್ದನ್ನು ಸಂಭವನೀಯವೆಂದೇ ಹೇಳಬೇಕು. ಒಂದು ದೇಹಕ್ಕೆ ಮೂರು ಸಾವುಗಳನ್ನು ಹೊರಿಸಬಾರದು.

ಕಾಲದ ದೃಷ್ಟಿಯಿಂದಲೂ ದಿಗ್ವಿಜಯವು ಯುದ್ಧದೊಳಗೆ ಅಡಗುವುದಿಲ್ಲ. ಕಂಚಿ, ತಂಜಾವೂರುಗಳನ್ನು ಗೆದ್ದವನೆಂಬ ಬಿರುದು ತಮಿಳುನಾಡಿನ ಕೃಷ್ಣನ ಶಾಸನಗಳಲ್ಲಿ ಹೇರಳ. ಸಿದ್ಧಲಿಂಗಮಠದ ಶಾಸನವನ್ನು ಅವನ ಐದನೆಯ ಆಳ್ವಿಕೆಯ ವರ್ಷದ್ದೆಂದು ಓದಲಾಗಿದೆ. ಕೃಷ್ಣನು ಪಟ್ಟವೇರಿದ್ದು 939ರಲ್ಲಿ. ಆ ಓದು ನಿಲ್ಲುವುದಾದರೆ ತೊಂಡೈಮಂಡಲದ ಮೇಲಿನ ದಾಳಿಯು ತಕ್ಕೋಲಕ್ಕಿಂತ ಕೆಲವು ವರ್ಷ ಮೊದಲೇ ಆರಂಭವಾಗಿದ್ದಿರಬೇಕು. ಆ ವರ್ಷಸಂಖ್ಯೆಯನ್ನು ಸಂಶಯಿಸಿದವರೂ ಇದ್ದಾರೆ. ಆ ಚರ್ಚೆಗೆ ಜಾಗವಿರುವುದು ದಿಗ್ವಿಜಯದ ಲೇಖನದಲ್ಲಿ; 949ರ ಒಂದು ದಿನದ ಯುದ್ಧದ ಲೇಖನದಲ್ಲಿ ಅದನ್ನು ತುರುಕಿದರೆ ಓದುಗನಿಗೆ ಯುದ್ಧವು ಹದಿನೈದು ವರ್ಷ ನಡೆಯಿತೋ ಎಂಬ ಭ್ರಮೆಯುಂಟಾಗುತ್ತದೆ. ಮೇಲಾಗಿ ‘ರಾಷ್ಟ್ರಕೂಟ–ಚೋಳ ಸಂಘರ್ಷ’ ಎಂಬ ಶೀರ್ಷಿಕೆಯನ್ನಿಟ್ಟರೆ 911ರ ಸುಮಾರಿನಲ್ಲಿ ಇಮ್ಮಡಿ ಕೃಷ್ಣನಿಗೂ ಪರಾಂತಕನಿಗೂ ನಡೆದ ವಲ್ಲಾಳದ ಯುದ್ಧವನ್ನೂ ಅದರೊಳಗೆ ತರಬೇಕಾಗುತ್ತದೆ. ಅಂಥ ವಿಶಾಲ ಶೀರ್ಷಿಕೆ ಬೇಕೇ ಬೇಕೆಂದಾದರೆ ಅದು ಅರ್ಧ ಪುಟದ ದಿಕ್ಸೂಚಿಯಾಗಿರಲಿ, ಬೇರೆ ಲೇಖನಗಳನ್ನು ನುಂಗುವಂಥದಾಗದಿರಲಿ.

ಪುಷ್ಪದಂತನ ಗ್ರಂಥವೇ ಈ ಬೆರಕೆಯ ಅಪಾಯಕ್ಕೆ ಒಂದು ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಮಹಾಪುರಾಣವು ಕ್ರೋಧನ ಸಂವತ್ಸರದಲ್ಲಿ, ಎಂದರೆ 965ರಲ್ಲಿ, ಮುಗಿಯಿತೆಂದು ಕವಿಯೇ ಹೇಳಿದ್ದಾನೆ. ಆದರೆ ಅದರ ಕೆಲವು ಹಸ್ತಪ್ರತಿಗಳಲ್ಲಿ ಒಂದು ಸಂಧಿಯ ಆದಿಯಲ್ಲಿ ಸಂಸ್ಕೃತ ಶ್ಲೋಕವೊಂದು ಬರುತ್ತದೆ. ಧಾರಾನಗರದ ಅರಸನ ಕೋಪಾಗ್ನಿಯಲ್ಲಿ ಮಾನ್ಯಖೇಟವು ಬೆಂದುಹೋದ ಮೇಲೆ ಪುಷ್ಪದಂತನಿಗೆ ಇನ್ನೆಲ್ಲಿ ನೆಲೆ ಎಂಬ ಅಳಲು ಅದರಲ್ಲಿದೆ. ಆ ದುರಂತ ನಡೆದದ್ದು 972ರಲ್ಲಿ. ಧನಪಾಲನ ಪಾಇಯಲಚ್ಛೀ ನಾಮಮಾಲೆಯ ವಿಕ್ರಮ 1029ರ ಉಲ್ಲೇಖದಿಂದ ಅದು ಖಚಿತ. ಶ್ಲೋಕವನ್ನು ಗ್ರಂಥದ ಅಂಗವೆಂದು ತಿಳಿದರೆ 965ರಲ್ಲಿ ಮುಗಿದ ಗ್ರಂಥವು 972ರ ಬೆಂಕಿಯನ್ನು ಕಂಡಂತಾಗುತ್ತದೆ. ನಾಥೂರಾಮ ಪ್ರೇಮಿ, ಪಿ. ಎಲ್. ವೈದ್ಯ ಮೊದಲಾದವರು ಪ್ರತಿಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡಿದ್ದರಿಂದ ಅದು ಎಲ್ಲ ಪ್ರತಿಗಳಲ್ಲಿಲ್ಲವೆಂದೂ ಆಮೇಲೆ ಸೇರಿದ್ದೆಂದೂ ಗೊತ್ತಾಯಿತು. ಸೇರಿಸಿದವನು ಕವಿಯೇ ಆಗಿರಬಹುದು. ಆದರೂ ಅದು ಸೇರಿದ ಶ್ಲೋಕವೇ. ಪ್ರತಿಗಳೆಲ್ಲವನ್ನೂ ಯಾರಾದರೂ ಮೊದಲೇ ಬೆರೆಸಿ ‘ಪೂರ್ಣಪಾಠ’ವೊಂದನ್ನು ಕೊಟ್ಟು ಮೂಲಗಳನ್ನು ಕಳೆದುಬಿಟ್ಟಿದ್ದರೆ ನಮಗೆ ಉಳಿಯುತ್ತಿದ್ದುದು ಬಿಡಿಸಲಾಗದ ಒಗಟು. ವಿಶ್ವಕೋಶದ ಲೇಖನಗಳು ವಿಲೀನವಾದಾಗಲೂ ಮೊದಲು ಮಾಯವಾಗುವುದು ಯಾವ ಮಾತು ಯಾವ ಸಾಕ್ಷಿಯಿಂದ ಬಂದಿತೆಂಬ ಗುರುತೇ.

‘ಆತಕೂರು ಶಾಸನ’ವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಯುದ್ಧದ ವರದಿಯನ್ನು ಕೊಡಲು ಹುಟ್ಟಿದ್ದಲ್ಲ. ತಕ್ಕೋಲದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ ಅವನು ನಾಡನ್ನೂ ಕೇಳದೆ, ಹೊನ್ನನ್ನೂ ಕೇಳದೆ, ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದನು. ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟ ಆ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತುವು. ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ದತ್ತಿಯಾಯಿತು. ಇಡೀ ಶಾಸನದ ಆತ್ಮ ಈ ನಾಯಿಯಲ್ಲಿದೆ. ವಿಲೀನವಾದ ಸಂಘರ್ಷದ ಲೇಖನದಲ್ಲಿ ಕಾಳಿಗೆ ಒಂದು ಆವರಣದೊಳಗಣ ವಾಕ್ಯವೂ ಸಿಕ್ಕದು. ಯಾವ ಗ್ರಂಥಸೂಚಿಯಲ್ಲಿಯೂ ನಾವು ಹಸ್ತಪ್ರತಿಯನ್ನು ಅದರಲ್ಲಿ ಉಲ್ಲೇಖವಾದ ಘಟನೆಯ ಅಡಿಯಲ್ಲಿ ಹುದುಗಿಸುವುದಿಲ್ಲ. ಪ್ರತಿಗೆ ಅದರದೇ ಕ್ರಮಸಂಖ್ಯೆ ಇರುತ್ತದೆ. ಕಲ್ಲಿಗೂ ಅದೇ ನ್ಯಾಯ. ಒಂದು ತಿದ್ದುಪಡಿ ಮಾತ್ರ ಬೇಕು: ‘ಬಿಸುಗೆ’, ‘ಕಳ’ಗಳ ಪಾಠಚರ್ಚೆಯು ವಿಸ್ತಾರವಾಗಿ ಈ ಲೇಖನದಲ್ಲಿರಲಿ, ಅದರ ಫಲಿತಾಂಶ ಮಾತ್ರ ಯುದ್ಧದ ಲೇಖನಕ್ಕೆ ಹೋಗಲಿ.

ಯುದ್ಧದ ಬಹುಮಾನದ ವಿಷಯ ಬಾಕಿಯಿದೆ. ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೃಷ್ಣನು ಮೆಚ್ಚಿ ಬೂತುಗನಿಗೆ ಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. 975ರ ಹೆಬ್ಬಾಳ ಶಾಸನದ ಪ್ರಕಾರ ಬನವಾಸಿಯೊಂದನ್ನುಳಿದು ಮಿಕ್ಕ ನಾಡುಗಳು ಬೂತುಗನಿಗೆ ಬಂದದ್ದು ಕೃಷ್ಣನ ಅಕ್ಕ ರೇವಕನಿಮ್ಮಡಿಯೊಡನೆ ಮದುವೆಯ ಬಳುವಳಿಯಾಗಿ, ಮುಮ್ಮಡಿ ಅಮೋಘವರ್ಷನಿಂದ. ಬಳುವಳಿಯಾಗಿ ಬಂದದ್ದನ್ನೇ ಯುದ್ಧಾನಂತರ ಸ್ಥಿರಪಡಿಸಿ ಬನವಾಸಿಯನ್ನು ಹೊಸದಾಗಿ ಸೇರಿಸಿದನೆಂದು ತಿಳಿಯುವುದು ಸಮಂಜಸವಾಗಿ ತೋರುತ್ತದೆ. ಈ ವಿಚಾರಕ್ಕೆ ಸ್ಥಾನ ‘ಇಮ್ಮಡಿ ಬೂತುಗ’ ಎಂಬ ಲೇಖನದಲ್ಲಿ. ಅಂಥ ಲೇಖನವೊಂದು ಕರಡಿನಲ್ಲಿಯೇ ಇಲ್ಲವೆಂಬುದು ಇದನ್ನು ಬರೆಯುವಾಗಲಷ್ಟೇ ನನ್ನ ಗಮನಕ್ಕೆ ಬಂದಿತು. ಅವನ ಮಗ, ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿ ಕೀರ್ತಿತನಾಗಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಮೂಲದಲ್ಲಿ ಸಲ್ಲೇಖನದಿಂದ ಮುಡಿಪಿದ ಮಾರಸಿಂಹನಿಗೆ ಎರಡು ಪುಟಗಳಿವೆ. ಮೊಮ್ಮಗ ರಾಚಮಲ್ಲನ ಮಂತ್ರಿ ಚಾವುಂಡರಾಯನಿಗೆ ನಾಲ್ಕು. ಬೂತುಗನು ನಾಲ್ಕು ಲೇಖನಗಳಲ್ಲಿ ಕತ್ತಿ ಹಿರಿದು ಬಂದುಹೋಗುತ್ತಾನೆ, ಅವನಿಗೊಂದು ಮನೆಯಿಲ್ಲ.

ಸಂಪಾದಕರಿಗೆ ಎರಡನೆಯ ಪತ್ರ ಬರೆದು ಮೊದಲನೆಯದನ್ನು ರದ್ದೆಂದು ತಿಳಿಯಬೇಕಾಗಿ ಕೋರಿದ್ದೇನೆ. ‘ರಾಜಾದಿತ್ಯನ ವಧೆ’ ಎಂಬಲ್ಲಿ ‘ತಕ್ಕೋಲದ ಯುದ್ಧ ನೋಡಿ’ ಎಂಬ ಒಂದು ಸಾಲು ಸಾಕು. ದಿಗ್ವಿಜಯದ ಲೇಖನ ಮತ್ತು ಶಾಸನದ ಲೇಖನಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಇರಲಿ. ಅವುಗಳಲ್ಲಿ ತಕ್ಕೋಲದ ಯುದ್ಧದ ವರ್ಣನೆಯು ಮೂರು ನಾಲ್ಕು ವಾಕ್ಯ ಮೀರದಿರಲಿ. ಅಷ್ಟು ಪುನರುಕ್ತಿ ದೋಷವಲ್ಲ. ಬೂತುಗನ ಲೇಖನವನ್ನು ಯಾರಿಗೆ ಒಪ್ಪಿಸಬೇಕೆಂದು ಅವರು ಕೇಳಿದ್ದಾರೆ. ಯಾರಿಗೇ ಒಪ್ಪಿಸಲಿ, ಬರೆಯುವವರು ಆತಕೂರಿನ ಕಲ್ಲಿನ ಅಚ್ಚನ್ನು ತಾವೇ ಕಣ್ಣಾರೆ ನೋಡಿದ ಮೇಲೆ ಬರೆಯಬೇಕೆಂದು ಉತ್ತರಿಸಿದ್ದೇನೆ. ಯಶಸ್ತಿಲಕದ ಪ್ರಶಸ್ತಿಯನ್ನು ತಕ್ಕೋಲದ ಆಧಾರಗಳ ಸಾಲಿನಿಂದ ತೆಗೆದು, ಕರ್ಹಾಡದ ಶಾಸನದ ಪಕ್ಕಕ್ಕೆ, 959ರ ಅಡಿಯಲ್ಲಿ ಇಡುವುದನ್ನು ಕರಡಚ್ಚಿನ ಹಂತದವರೆಗೆ ಕಾಯದೆ ಈಗಲೇ ಮಾಡಬೇಕೆಂದೂ ಬರೆದಿದ್ದೇನೆ.